ಪೇಪರ್ ಪ್ರಿಂಟ್ ಆತು, ಸಾಹೇಬ್ರು ಓದಲಿಲ್ಲ, ಮುಂದೇನ್ರಿ?

ಪ್ರಶ್ನೆ: ಸರ್, ನಾನು ರಾಯಚೂರಾಗ ಮಣ್ಣು ವಿಜ್ಞಾನದಾಗ ಪಿಎಚ್‌ಡಿ ಮಾಡಾಕತ್ತೀನಿ. ಸಿಂಧನೂರು ಕಡೆ ಸವಳು-ಜವಳು ಹೊಲಗಳದ್ದು ಮೂರು ವರ್ಷದ ಡೇಟಾ ಐತಿ, ಪೇಪರೂ ಬಂತು. ಅದರ ಪ್ರಿಂಟ್ ತಗೊಂಡು ಮೇ ತಿಂಗಳಾಗ ಒಂದು ಆಫೀಸಿಗೆ ಹೋದ್ರ ಎರಡು ತಾಸು ಕುಂದ್ರಿಸಿ "ಇಟ್ಟು ಹೋಗಮ್ಮ, ನೋಡ್ತೀವಿ" ಅಂದ್ರು. ಎಂಟು ತಿಂಗಳಾತು, ಸುದ್ದಿ ಇಲ್ಲ. ಇವರಿಗೆ ಸೈನ್ಸ್ ಬ್ಯಾಡೇನ್ರಿ? ಇಲ್ಲಾ ನಾವೇ ಏನರ ಕಲೀಬೇಕಾ?
(ಹೆಸರು ಹಾಕಬ್ಯಾಡ್ರಿ, ಸಿಂಧನೂರು)

ಉತ್ತರ: ತಂಗಿ, ತಪ್ಪು ಅವರದೂ ಸ್ವಲ್ಪ ಐತಿ, ನಿಂದೂ ಸ್ವಲ್ಪ ಐತಿ, ನಿನಗ ಕಲಿಸಿದ ನಮ್ಮಂಥೋರದು ಜಾಸ್ತಿ ಐತಿ. ಐದು ವರ್ಷ ಪೇಪರ್ ಬರಿಯೋದು ಹೇಳಿಕೊಡ್ತೀವಿ, ಒಂದು ಫೈಲ್ ಹೆಂಗ ನಡೀತೈತಿ ಅಂತ ಒಂದು ದಿನನೂ ತೋರಿಸೋದಿಲ್ಲ.

ನನ್ನ ಕಥಿ ಕೇಳು. ನೌಕರಿ ಹೊಸದು, ನೀರಾವರಿ ಬಗ್ಗೆ ಒಂದು ಮೀಟಿಂಗಿಗೆ ಕರೆದಿದ್ರು, ರಾತ್ರಿ ಇಡೀ ಕುಂತು 42 ಸ್ಲೈಡ್ ಮಾಡಿಕೊಂಡು ಹೋದೆ. ಆರನೇ ಸ್ಲೈಡಿಗೆ ಮುಂದ ಕುಂತಿದ್ದ ಸಾಹೇಬ್ರು ಚಹಾ ಕಪ್ ಕೆಳಗಿಟ್ಟು "ಅಲ್ರೀ ಡಾಕ್ಟ್ರೇ, ಹಂಗಾದ್ರ ನಾವು ನೀರು ಬಿಡಬೇಕೋ ಬ್ಯಾಡೋ?" ಅಂದ್ರು. ನನ್ನ ಕಡೆ ಉತ್ತರನೇ ಇರಲಿಲ್ಲ. ನಾನು "ಇನ್ನೂ ಅಧ್ಯಯನ ಆಗಬೇಕು ಸರ್" ಅಂದೆ, ಅವರು ಮುಂದಿನ ವಿಷಯಕ್ಕ ಹೋದ್ರು. ಅವತ್ತು ಭಾಳ ಸಿಟ್ಟು ಬಂದಿತ್ತು, ಈಗ ನೆನೆಸಿಕೊಂಡ್ರ ಅವರದೇ ಸರಿ ಅನಸ್ತೈತಿ.

ಈಗ ನಿನ್ನ ಡೇಟಾಕ್ಕ ಬರೋಣ. ನೀನು ಕಳಿಸಿದ ಪೇಪರಿನ ಹೆಡ್ಡಿಂಗಿನಾಗ 'ವಿದ್ಯುತ್ ವಾಹಕತೆಯ ಪ್ರಾದೇಶಿಕ ವ್ಯತ್ಯಾಸ' ಅಂತ ಐತಿ. ಆಫೀಸಿನಾಗ ಕುಂತೋರಿಗೆ ಇದು ಏನೂ ಹೇಳೋದಿಲ್ಲ. ಅದಾ ಡೇಟಾದಾಗ ಚಿನ್ನದಂಥ ಮಾತು ಒಂದು ಅಡಗೇತಿ ನೋಡು. ನಮ್ಮ ಕಡೆ ಹೊಲ ಬಿಳಿ ಬಿತ್ತು ಅಂದ್ರ ಎಲ್ಲಾರೂ 'ಸವಳು' ಅಂತಾರ, 'ಸವಳು' ಅಂದ ಕೂಡ್ಲೇ ಜಿಪ್ಸಂ ಸಬ್ಸಿಡಿ ಅಂತಾರ. ಆದ್ರ ಇಸಿ (ಅದೇ ವಿದ್ಯುತ್ ವಾಹಕತೆ, ಮಣ್ಣಿನಾಗ ಉಪ್ಪು ಎಷ್ಟೈತಿ ಅಂತ ತೋರಿಸೋ ಅಳತಿ) 4 ದಾಟಿ, ಪಿಎಚ್ 8.5ರ ಒಳಗ ಇದ್ರ ಅದು ಬರೇ ಉಪ್ಪು, ಅದಕ್ಕ ಬಸಿಗಾಲುವಿ ಬೇಕು, ನೆಲದೊಳಗ ಪೈಪ್ ಹಾಕಿ ಉಪ್ಪುನೀರು ಹೊರಗ ಹಾಕಬೇಕು, ಜಿಪ್ಸಂ ಸುರಿದ್ರ ರೊಕ್ಕ ಮಣ್ಣುಪಾಲು. ಪಿಎಚ್ 8.5 ದಾಟಿ ಸೋಡಿಯಂ ಹಿಡಕೊಂಡ ಮಣ್ಣಿಗೆ ಮಾತ್ರ ಜಿಪ್ಸಂ ಕೆಲಸ ಮಾಡ್ತೈತಿ. ಅಂದ್ರ ನಿನ್ನ ಮೂರು ವರ್ಷದ ಕೆಲಸ ಒಂದೇ ಸಾಲಿನಾಗ ಹೇಳಿದ್ರ "ಈ ಈ ಊರಿಗೆ ಜಿಪ್ಸಂ, ಈ ಈ ಊರಿಗೆ ಬಸಿಗಾಲುವಿ". ಇದನ್ನ ಮೊದಲನೇ ಸಾಲಿನಾಗ ಬರಿ. ಕೆಳಗ ಊರಿನ ಪಟ್ಟಿ, ಎಕರೆ ಎಷ್ಟು, ಅಂದಾಜು ಖರ್ಚು, ಎಷ್ಟು ಖಾತ್ರಿ ಐತಿ. ಒಂದೇ ಪುಟ, ಕನ್ನಡದಾಗ. ಗ್ರಾಫ್ ಒಂದು ಸಾಕು, ಅದೂ ಬ್ಯಾಡ ಅಂದ್ರ ಒಂದು ನಕಾಶೆ ಹಾಕು, ನಕಾಶೆ ಎಲ್ಲಾರೂ ನೋಡ್ತಾರ, ತಮ್ಮ ಊರು ಎಲ್ಲೈತಿ ಅಂತ ಹುಡುಕ್ತಾರ.

ಖಾತ್ರಿ ಅಂದ್ನಲ್ಲ, ಅಲ್ಲೇ ಹೊಸಬರು ಜಾರೋದು. ಒಂದೋ "ಹೇಳಾಕ ಬರೋದಿಲ್ಲ" ಅಂತಾರ, ಇಲ್ಲಾ ರೊಚ್ಚಿಗೆದ್ದು "ನೂರಕ್ಕ ನೂರು" ಅಂತಾರ. ಎರಡೂ ಬ್ಯಾಡ. "ಈ ಹದಿನೈದು ಊರಿನ ಬಗ್ಗೆ ಗಟ್ಟಿ ಹೇಳ್ತೀನಿ, ಈ ನಾಲ್ಕರ ಬಗ್ಗೆ ಇನ್ನೊಂದು ಬೇಸಿಗಿ ಸ್ಯಾಂಪಲ್ ಬೇಕು, ಆದ್ರ ಅಲ್ಲಿತನಕ ಅಲ್ಲಿ ಜಿಪ್ಸಂ ಹಂಚಬ್ಯಾಡ್ರಿ" ಅನ್ನು. ಕೇಳೋರಿಗೆ ಕೆಲಸ ಸಿಕ್ತೈತಿ, ನೀನೂ ಸುಳ್ಳು ಹೇಳಿದಂಗ ಆಗೋದಿಲ್ಲ.

ಆಮ್ಯಾಲ ಟೈಮು. ನೀನು ಹೋಗಿದ್ದು ಮೇ ತಿಂಗಳಾಗ ಅಂತೀಯ. ರಾಜ್ಯದ ಬಜೆಟ್ ಮಾರ್ಚ್ ಸುಮಾರಿಗೆ ಮುಗಿದು ಹೋಗಿರ್ತೈತಿ ತಂಗಿ, ಮೇದಾಗ ಹೊಸ ಖರ್ಚಿನ ಮಾತು ಯಾರು ಕೇಳ್ತಾರ? ಇಲಾಖೆಯೋರು ಪ್ರಸ್ತಾವನೆ ಕೂಡಿಸೋದು ಚಳಿಗಾಲದಾಗ. ಜಿಲ್ಲಾ ಉಸ್ತುವಾರಿ ಮಂತ್ರಿಗಳು ಇಲಾಖೆಗಳ ಕೆಲಸ ಪರಿಶೀಲಿಸೋ ಕೆಡಿಪಿ ಸಭೆ ಮೂರು ತಿಂಗಳಿಗೊಮ್ಮೆ, ತುಂಗಭದ್ರಾ ನೀರಿಗೆ ಐಸಿಸಿ (ನೀರಾವರಿ ಸಲಹಾ ಸಮಿತಿ) ಸಭೆ ಹಂಗಾಮಿಗೆ ಮೊದಲು, ಬೆಳಗಾವಿ ಅಧಿವೇಶನ ಸಾಮಾನ್ಯವಾಗಿ ಡಿಸೆಂಬರ್‌ದಾಗ. ಶಾಸಕರು ಚುಕ್ಕೆ ಗುರುತಿನ ಪ್ರಶ್ನೆ (ಮಂತ್ರಿಗಳು ಸದನದಾಗ ಬಾಯಿಂದ ಉತ್ತರ ಕೊಡಬೇಕಾದ್ದು) ಹಾಕಿದ್ರು ಅಂದ್ರ ಇಲಾಖೆ ಮಂದಿ ಉತ್ತರಕ್ಕ ಅಂಕಿಅಂಶ ಹುಡುಕ್ಕೊಂಡು ಓಡಾಡ್ತಾರ, ಅವತ್ತು ನಿನ್ನ ಒಂದು ಪುಟ ಅವರ ಟೇಬಲ್ ಮ್ಯಾಲೆ ಇದ್ರ ಸಾಕು. ಶಾಸಕರ ಪಿಎ ಜೊತಿ ಪರಿಚಯ ಮಾಡಿಕೋ, ನಾಚಿಕಿ ಬ್ಯಾಡ, ಯಾವ ಕಾಗದ ಯಾವತ್ತು ಮುಂದ ಇಡಬೇಕು ಅಂತ ಅವರಿಗೆ ಗೊತ್ತಿದ್ದಷ್ಟು ಯಾವ ಪ್ರೊಫೆಸರಿಗೂ ಗೊತ್ತಿರೋದಿಲ್ಲ. ಮತ್ತ ಹಾಂ, ಯುನಿವರ್ಸಿಟಿ ಲೆಟರ್‌ಹೆಡ್ ಬಳಸೋದಾದ್ರ ಗೈಡ್ ಕಡೆಯಿಂದ ಪರ್ಮಿಷನ್ ತಗೋ, ಆಮ್ಯಾಲ ತಲಿನೋವು ಬ್ಯಾಡ.

ಒಂದು ಮಾತು ಮುಚ್ಚಿಡೋದಿಲ್ಲ. ಸವಳಿಗೆ ಮೂಲ ಕಾರಣ ಎಲ್ಲಾರಿಗೂ ಗೊತ್ತು: ತುಂಗಭದ್ರಾ ಎಡದಂಡೆ ಕಾಲುವಿ ಮಾಡಿದ್ದು ಹೆಚ್ಚಾಗಿ ಅರೆನೀರಾವರಿ ಬೆಳೆಗೆ, ಅಂದ್ರ ಕಡಿಮಿ ನೀರು ಬೇಡೋ ಬೆಳೆಗೆ, ಮ್ಯಾಲೆ ಮ್ಯಾಲೆ ಭತ್ತ ಹಬ್ಬಿತು, ಅಲ್ಲಿ ಮಣ್ಣು ಕೆಡ್ತು, ಕೆಳಗ ಮಾನ್ವಿ, ಸಿರವಾರ ಕಡೆ ಟೇಲ್ ಎಂಡ್ (ಕಾಲುವಿ ಕೊನೆ ಭಾಗದ) ರೈತರು ನೀರಿಲ್ಲದ್ದಕ್ಕ ರಸ್ತೆ ಮ್ಯಾಲೆ ಕುಂದ್ರಾಕತ್ತಿದ್ರು. "ಭತ್ತ ಬಿಡ್ರಿ" ಅಂತ ಹೇಳೋ ಧೈರ್ಯ ಯಾವ ಪಕ್ಷಕ್ಕೂ ಇಲ್ಲ, ನೀನು ಹೇಳಿದ್ರೂ ನಾಳೆ ಆಗೋದಿಲ್ಲ. ವಿಜ್ಞಾನ ಒಂದು ಕಡೆ, ಮನಿ ನಡೆಸೋ ರೈತ ಒಂದು ಕಡೆ, ಓಟು ಒಂದು ಕಡೆ. ಅದಕ್ಕ ಒಂದೇ ದಾರಿ ಕೊಡಬ್ಯಾಡ, ಎರಡು ಮೂರು ಕೊಡು, ಯಾವುದಕ್ಕ ಏನು ಖರ್ಚು, ಯಾರಿಗೆ ಪೆಟ್ಟು ಅಂತ ಬರಿ. ಆರಿಸೋದು ಅವರ ಕೆಲಸ.

ಇನ್ನೊಂದು ನೆನಪಾತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟಿನಾಗ 19ನೇದ್ದು ಚೈನ್ ಕಡಕೊಂಡು ಹೋತಲ್ಲ, ಅವತ್ತು ಯಾರೂ ಜರ್ನಲ್ ತೆರೆದು ನೋಡಲಿಲ್ಲ. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರನ್ನ ಕರೆಸಿದ್ರು, ಹರಿಯೋ ನೀರಾಗೇ ಸ್ಟಾಪ್‌ಲಾಗ್ (ನೀರು ತಡೆಯೋ ತಾತ್ಕಾಲಿಕ ಅಡ್ಡಗೇಟು) ಇಳಿಸಿದ್ರು. ಅವಸರ ಬಿದ್ದಾಗ ಮಂದಿ ಮೊದಲಿಂದ ಗುರುತಿರೋರಿಗೇ ಫೋನ್ ಮಾಡ್ತಾರ. ಎರಡು ತಾಸು ಬೆಂಚಿನ ಮ್ಯಾಲೆ ಕುಂತೆ ಅಂತ ಬೇಜಾರಾಗಬ್ಯಾಡ, ಇನ್ನೊಮ್ಮೆ ಹೋಗು, ಒಂದು ಪುಟ ತಗೊಂಡು.

ಪ್ರಶ್ನೆ: ಎಂಎಸ್ಸಿ ಕೆಮಿಸ್ಟ್ರಿ ಮುಗಿಸೀನಿ, ಪಾಲಿಸಿ ಕೆಲಸ ಕಲಿಯೋಕೆ ಎಲ್ಲಿ ಚಾನ್ಸ್ ಐತಿ? ಅಮೆರಿಕಾಕ್ಕೇ ಹೋಗಬೇಕಾ?
(ಕೊಪ್ಪಳದ ಹುಡುಗ)

ಉತ್ತರ: ಬ್ಯಾಡಪ್ಪ. ಅಮೆರಿಕಾದಾಗ ಎಎಎಎಸ್ ಅನ್ನೋ ವಿಜ್ಞಾನಿಗಳ ಸಂಘ 1973ರಿಂದ ಪಿಎಚ್‌ಡಿ ಮಾಡಿದೋರನ್ನ ಸಂಸದರ ಆಫೀಸಿನಾಗ ಕುಂದ್ರಸ್ತೈತಿ, ಆದ್ರ ಅದು ಅಲ್ಲಿನ ಮಂದಿಗೆ. ಬ್ರಿಟನ್ ಪಾರ್ಲಿಮೆಂಟಿನಾಗ ಪೋಸ್ಟ್ ಅನ್ನೋ ಆಫೀಸು 1989ರಿಂದ ಐತಿ, ಪಿಎಚ್‌ಡಿ ಹುಡುಗರು ಮೂರು ತಿಂಗಳು ಬಂದು ಸಂಸದರಿಗೆ ನಾಲ್ಕು ಪುಟದ ಟಿಪ್ಪಣಿ ಬರೀತಾರ. ಆ ಟಿಪ್ಪಣಿ ಪುಕ್ಕಟೆ ಸಿಗ್ತಾವು, ಹತ್ತು ಓದಿ ಒಂದನ್ನ ನಮ್ಮ ಕಡೆ ವಿಷಯದ ಮ್ಯಾಲೆ ನೀನೇ ಬರಿ, ಅದೇ ದೊಡ್ಡ ಟ್ರೇನಿಂಗ್. ನಮ್ಮಲ್ಲಿ ದಿಲ್ಲಿಯ ಪಿಆರ್‌ಎಸ್ ಅನ್ನೋ ಸಂಶೋಧನಾ ಸಂಸ್ಥೆ 2010ರಿಂದ ಲ್ಯಾಂಪ್ ಫೆಲೋಶಿಪ್ ನಡೆಸ್ತೈತಿ, ಸಂಸದರ ಜೊತಿ ಕೆಲಸ, ಸಣ್ಣ ವಯಸ್ಸಿನೋರಿಗೇ ಅದು, ಅದಕ್ಕ ತಡಾ ಮಾಡಬ್ಯಾಡ. ಬೆಂಗಳೂರು ಐಐಎಸ್ಸಿಯಾಗ ಡಿಎಸ್‌ಟಿ (ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ) ಪಾಲಿಸಿ ರಿಸರ್ಚ್ ಸೆಂಟರ್ ಐತಿ, ಅದನ್ನೂ ನೋಡು.

ಯಾವುದೂ ಸಿಗದಿದ್ರ ಮನ್ಯಾಗ ಕುಂತೇ ಶುರು ಮಾಡಬಹುದು. ಕೇಂದ್ರ ಸರ್ಕಾರ 2014ರಾಗ ಹೊಸ ಕಾನೂನಿನ ಕರಡು ಕನಿಷ್ಠ 30 ದಿನ ಜನರ ಮುಂದ ಇಡಬೇಕು ಅಂತ ಮಾಡೇತಿ, ಪಾಲನೆ ಅಷ್ಟಕ್ಕಷ್ಟೇ ಅನ್ನೋದು ಬ್ಯಾರೆ ಮಾತು. ಪಾರ್ಲಿಮೆಂಟಿನ ಸ್ಥಾಯಿ ಸಮಿತಿಗಳೂ ಪೇಪರಿನಾಗ ಜಾಹೀರಾತು ಕೊಟ್ಟು ಅಭಿಪ್ರಾಯ ಕೇಳ್ತಾವು. ಕೆಮಿಸ್ಟ್ರಿ ಓದಿದೋನು, ನೀರು-ಗಾಳಿ ವಿಷಯದ ಕರಡು ಒಂದು ಬಂದಾಗ ಎರಡು ಪುಟ ಬರೆದು ಕಳಿಸು.

ಪ್ರಶ್ನೆ: ನಾನು ಬಳ್ಳಾರಿಯಾಗ ಪಿಜಿ ವಿದ್ಯಾರ್ಥಿಗಳಿಗೆ ಗೈಡ್. ಸರ್ಕಾರದೋರ ಮುಂದ ವಿಜ್ಞಾನ ಹೆಂಗ ಹೇಳಬೇಕು ಅಂತ ಕಲಿಸಾಕ ಒಂದು ದಿನದ ವರ್ಕ್‌ಶಾಪ್ ಮಾಡಿಸಿದ್ರ ಸಾಕಾ?

ಉತ್ತರ: ಸಾಲೋದಿಲ್ಲ ಮೇಡಂ. ವರ್ಕ್‌ಶಾಪಿನಾಗ ಉಪ್ಪಿಟ್ಟು, ಸರ್ಟಿಫಿಕೇಟು, ಗ್ರೂಪ್ ಫೋಟೋ, ಮುಗೀತು. ಬದಲಿಗೆ ನಿಮ್ಮ ಜಿಲ್ಲೆಯಾಗೇ ಜೀವಂತ ವಿಷಯ ಐತಿ. 2015ರ ಗಣಿ ಕಾಯ್ದೆ ತಿದ್ದುಪಡಿ ಆದಮ್ಯಾಲ ಗಣಿ ನಡೆಸೋರು ಕೊಡೋ ರೊಕ್ಕದ ಜಿಲ್ಲಾ ಖನಿಜ ನಿಧಿ ಬಂತು, ಅದರ ಹೆಚ್ಚಿನ ಪಾಲು ಕುಡಿಯೋ ನೀರು, ಆರೋಗ್ಯ, ಶಿಕ್ಷಣ, ಪರಿಸರ ಇಂಥವಕ್ಕೇ ಹೋಗಬೇಕು ಅಂತ ನಿಯಮ. ನಾಲ್ಕು ಹುಡುಗರನ್ನ ಸಂಡೂರು ಕಡೆ ಕಳಿಸ್ರಿ, ಧೂಳು ಅಳೀಲಿ, ಶಾಲೆ ಮಾಸ್ತರು, ಆಶಾ ಕಾರ್ಯಕರ್ತೆಯರ ಜೊತಿ ಮಾತಾಡ್ಲಿ. ಬಂದಮ್ಯಾಲ ಕ್ಲಾಸಿನಾಗ ಒಬ್ಬ ಡಿಸಿ ಆಗ್ಲಿ, ಒಬ್ಬಾಕಿ ಶಾಸಕಿ ಆಗ್ಲಿ, ಒಬ್ಬ ಗಣಿ ಕಂಪನಿ ಮ್ಯಾನೇಜರ್ ಆಗ್ಲಿ, ಉಳಿದೋರಿಗೆ ಕಂಡಿದ್ದು ಅವರ ಮುಂದ ಹೇಳಾಕ ತಲಾ ಐದು ನಿಮಿಷ ಕೊಡ್ರಿ. ನಡುವ ಡಿಸಿಗೆ ಫೋನ್ ಬರಬೇಕು, ಎದ್ದು ಹೊರಗ ಹೋಗಬೇಕು, ವಾಪಸ್ ಬಂದು "ಎಲ್ಲಿಗೆ ಬಂದಿದ್ವಿ?" ಅಂತ ಕೇಳಬೇಕು. ಹುಡುಗ ಅಲ್ಲಿಂದ ಎರಡು ವಾಕ್ಯದಾಗ ಮತ್ತ ಹಿಡಕೊಂಡ ಅಂದ್ರ ಅವನನ್ನ ನಿಜವಾದ ಮೀಟಿಂಗಿಗೆ ಕರಕೊಂಡು ಹೋಗ್ರಿ, ಹಿಂದಿನ ಕುರ್ಚಿಯಾಗ ಕುಂದ್ರಿಸ್ರಿ.