4,29,49,67,297 ಅವಿಭಾಜ್ಯವೇ?

ಪ್ರಶ್ನೆ: 4,29,49,67,297 ಅವಿಭಾಜ್ಯ ಸಂಖ್ಯೆಯೇ? 3, 7, 11, 13ರಿಂದ ಭಾಗಿಸಿ ನೋಡಿದೆ, ಪ್ರತಿ ಸಲವೂ ಶೇಷ ಉಳಿಯಿತು.

ಉತ್ತರ: ಅಲ್ಲ. ಇದು 2ರ 32ನೇ ಘಾತಕ್ಕೆ 1 ಕೂಡಿಸಿದ ಸಂಖ್ಯೆ. ಅವಿಭಾಜ್ಯವೆಂದೇ ಗಣಿತಜ್ಞ ಫರ್ಮಾ ನಂಬಿದ್ದರು. 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ ಒಡೆದು ತೋರಿಸಿದರು. ಇದರ ಯಾವ ಅವಿಭಾಜ್ಯ ಅಪವರ್ತನವನ್ನು 64ರಿಂದ ಭಾಗಿಸಿದರೂ 1 ಉಳಿಯಲೇಬೇಕು, ಹಾಗಾಗಿ ನಿಮ್ಮ ಸಣ್ಣ ಸಂಖ್ಯೆಗಳು ಕೈಕೊಟ್ಟವು. ಹಾಗೆ 1 ಉಳಿಸುವ ಅವಿಭಾಜ್ಯಗಳನ್ನಷ್ಟೇ ಪರೀಕ್ಷಿಸಬೇಕು: 193, 257, 449, 577, 641. ಐದನೆಯದಕ್ಕೇ ಸಿಕ್ಕಿತು! ಎಷ್ಟು ಸೊಗಸಾದ ಅಡ್ಡದಾರಿ ನೋಡಿ.

ಕೈಯಲ್ಲೇ ಭಾಗಿಸಿ, ಎಂಟಂಕಿಯ ಕ್ಯಾಲ್ಕುಲೇಟರಿನಲ್ಲಿ ಇದು ಹಿಡಿಸದು. 4294ರಲ್ಲಿ 641 ಆರು ಸಲ, ಶೇಷ 448. 9 ಇಳಿಸಿದರೆ 4489, ಏಳು ಸಲ, ಶೇಷ 2. ಮುಂದೆ 26, ಆಮೇಲೆ 267. ಎರಡೂ 641ಕ್ಕಿಂತ ಚಿಕ್ಕವು, ಭಾಗಲಬ್ಧದಲ್ಲಿ ಎರಡು ಸೊನ್ನೆ ಬರೆಯಿರಿ. ತಪ್ಪುವುದು ಇಲ್ಲೇ. ಕೊನೆಗೆ 67,00,417, ಶೇಷ ಸೊನ್ನೆ.