ಕೆರೆಯ ಲೇಖನದೊಳಗೆ ಸಾಲದ ಜಾಹೀರಾತು

ಪ್ರಶ್ನೆ: ನಮ್ಮೂರ ಕೆರೆಯ ಬಗ್ಗೆ ಕನ್ನಡ ವಿಕಿಪೀಡಿಯದಲ್ಲಿ ನಾನು ಬರೆದಿದ್ದ ಲೇಖನವನ್ನು ಬಹಳ ದಿನಗಳ ಮೇಲೆ ತೆರೆದೆ. ತೂಬಿನ ವಿವರಣೆಯ ನಡುವೆ, ತಕ್ಷಣ ಸಾಲ ಕೊಡುವುದಾಗಿ ಹೇಳುವ ಜಾಲತಾಣವೊಂದರ ಕೊಂಡಿಯನ್ನು ಯಾರೋ ಸೇರಿಸಿದ್ದಾರೆ. ಇದನ್ನು ತಡೆಯುವ ವ್ಯವಸ್ಥೆ ಇಲ್ಲವೇ? ಮೊಬೈಲ್ ಸಂಖ್ಯೆ ಪಡೆದ ಮೇಲೆಯೇ ಖಾತೆ ಕೊಟ್ಟರೆ ಆಗದೇ?
– ಓದುಗರೊಬ್ಬರು, ಶಿಕಾರಿಪುರ

ಉತ್ತರ: ನಿಮ್ಮ ಬೇಸರ ನ್ಯಾಯವಾದದ್ದು. ಆ ಕೊಂಡಿ ಹಾಕಿದವರ ಕಣ್ಣು ಕೆರೆಯ ಬಗ್ಗೆ ಓದುವವರ ಮೇಲಿರಲಿಲ್ಲ, ಗೂಗಲ್‌ನಂತಹ ಹುಡುಕುತಾಣಗಳ ಮೇಲಿತ್ತು. ಹೆಸರುವಾಸಿ ತಾಣಗಳಿಂದ ಕೊಂಡಿ ಪಡೆದ ಪುಟಕ್ಕೆ ಹುಡುಕಾಟದಲ್ಲಿ ಮೇಲಿನ ಸ್ಥಾನ ಸಿಗುತ್ತದೆಂಬ ಲೆಕ್ಕಾಚಾರ ಅದು. ಈ ಲಾಭವನ್ನೇ ಇಲ್ಲವಾಗಿಸಲು 2005ರಲ್ಲಿ ಗೂಗಲ್, ಯಾಹೂ ಮತ್ತು ಎಂಎಸ್ಎನ್ 'ನೋಫಾಲೋ' ಎಂಬ ಗುರುತನ್ನು ಒಪ್ಪಿಕೊಂಡವು; ಈ ಕೊಂಡಿಯನ್ನು ಸ್ಥಾನದ ಲೆಕ್ಕಕ್ಕೆ ಹಿಡಿಯಬೇಡಿ ಎಂದು ಹುಡುಕುತಾಣಗಳಿಗೆ ಹೇಳುವ ಗುರುತು ಅದು. 2007ರ ಹೊತ್ತಿಗೆ ವಿಕಿಪೀಡಿಯ ತನ್ನ ಹೊರಕೊಂಡಿಗಳಿಗೆಲ್ಲ ಅದನ್ನು ಅಂಟಿಸಿತ್ತು. ಆದರೂ ಹಾವಳಿ ನಿಲ್ಲಲಿಲ್ಲ, ಏಕೆಂದರೆ ಯಂತ್ರದಿಂದ ಖಾತೆ ತೆರೆದು ಕೊಂಡಿ ಚೆಲ್ಲುವುದಕ್ಕೆ ತಗಲುವ ಖರ್ಚು ಇಲ್ಲವೆನ್ನುವಷ್ಟು ಕಡಿಮೆ.

ತಡೆಗಳು ಇವೆ. ಹೊಸ ಖಾತೆಯವರು ಹೊರಕೊಂಡಿ ಸೇರಿಸಿದರೆ ಕ್ಯಾಪ್ಚಾ, ಅಂದರೆ ಬರೆಯುತ್ತಿರುವುದು ಯಂತ್ರವಲ್ಲ ಮನುಷ್ಯರೇ ಎಂದು ತಿಳಿಯುವ ಪುಟ್ಟ ಪರೀಕ್ಷೆ, ಬಿಡಿಸಬೇಕು. ನಿಷೇಧಿತ ಪಟ್ಟಿಗೆ ಸೇರಿದ ವಿಳಾಸವಿದ್ದರೆ ಬರಹ ಉಳಿಯುವುದೇ ಇಲ್ಲ, ಮತ್ತು ಆ ಪಟ್ಟಿ ಎಲ್ಲ ಭಾಷೆಗಳ ವಿಕಿಪೀಡಿಯಗಳಿಗೂ ಅನ್ವಯಿಸುತ್ತದೆ. ಆದರೂ ಸಾಮಾನ್ಯವಾಗಿ ನಡೆಯುವುದು ಹೀಗೆ: ಹೊಸ ಖಾತೆಯೊಂದು ಹುಟ್ಟುತ್ತದೆ, ಕೆಲವೇ ನಿಮಿಷಗಳಲ್ಲಿ ಅದರ ಸದಸ್ಯ ಪುಟದಲ್ಲಿ ಯಾವುದೋ ವ್ಯಾಪಾರದ ಗುಣಗಾನ, ಕೊನೆಯಲ್ಲೊಂದು ಕೊಂಡಿ. ನಿರ್ವಾಹಕರು ಅಳಿಸಿ ಖಾತೆಯನ್ನು ತಡೆಹಿಡಿದರೆ, ಮರುದಿನ ಅದೇ ಬರಹ ಬೇರೆ ಹೆಸರಿನಲ್ಲಿ ಬರುತ್ತದೆ. ಆಗ ಎಲ್ಲ ಭಾಷೆಗಳ ವಿಕಿಗಳ ಮೇಲೂ ಅಧಿಕಾರವಿರುವ ಸ್ವಯಂಸೇವಕರಾದ ಸ್ಟೀವರ್ಡ್‌ಗಳು ತಾಂತ್ರಿಕ ಸುಳಿವು ಹಿಡಿದು ಅದರ ಜೊತೆಗಾರ ಖಾತೆಗಳನ್ನು ಹುಡುಕಿ, ಎಲ್ಲ ಭಾಷೆಗಳಲ್ಲೂ ಒಟ್ಟಿಗೆ ಬೀಗ ಹಾಕುತ್ತಾರೆ.

ಮೊಬೈಲ್ ಸಂಖ್ಯೆ ಕೇಳಬೇಕೆಂಬ ಸಲಹೆಯನ್ನು ನಾನು ಒಪ್ಪಲಾರೆ. ಕಸ ಚೆಲ್ಲುವುದನ್ನೇ ಕಸುಬು ಮಾಡಿಕೊಂಡವರು ಸಿಮ್‌ಗಳನ್ನು ಕಂತೆಗಟ್ಟಲೆ ಹೊಂದಿಸಿಕೊಳ್ಳಬಲ್ಲರು. ತನ್ನ ಗುರುತು ಹೇಳಿಕೊಳ್ಳಲು ಅಂಜುವ, ಆದರೆ ತನ್ನ ಊರು, ಬೆಳೆ, ಹಬ್ಬಗಳ ಬಗ್ಗೆ ಬರೆಯಬಲ್ಲ ಒಬ್ಬ ಹೆಣ್ಣುಮಗಳು ಮಾತ್ರ ಹೊರಗುಳಿಯುತ್ತಾಳೆ. ಬರೆಯುವವರೇ ಕಡಿಮೆಯಿರುವ ಕನ್ನಡಕ್ಕೆ ಅದು ದೊಡ್ಡ ನಷ್ಟ. ಬಾಗಿಲು ತೆರೆದೇ ಇರಲಿ, ಮೊದಲ ಹೆಜ್ಜೆಗಳು ಮಾತ್ರ ನಿಧಾನವಾಗಲಿ. ಪುಟದ ಹೆಸರು ಬದಲಿಸುವಂತಹ ಅಧಿಕಾರ ಹೊಸಬರಿಗೆ ಕೂಡಲೇ ಸಿಗದೆ ಕೆಲವು ದಿನ ಕಾಯಬೇಕಾಗಿರುವುದು ಈ ಕಾರಣಕ್ಕೇ.

ಯಂತ್ರದ ಸೋಸುವಿಕೆಗೆ ಸಿಗದ ಕಸವೂ ಈಗ ಹೆಚ್ಚುತ್ತಿದೆ: ಕೊಂಡಿಯಿಲ್ಲದ, ವ್ಯಾಕರಣ ಸರಿಯಿರುವ, ಆದರೆ ಯಂತ್ರವೇ ಹೆಣೆದ ಸುಳ್ಳು ವಾಕ್ಯಗಳು. ತೂಬು ಯಾವ ದಿಕ್ಕಿಗಿದೆ ಎಂಬುದು ನಿಮಗೆ ಗೊತ್ತು, ಸೋಸುವ ತಂತ್ರಾಂಶಕ್ಕೆ ಗೊತ್ತಿಲ್ಲ.

ಆದ್ದರಿಂದ ಲೇಖನದ 'ಇತಿಹಾಸ'ವನ್ನು ತೆರೆದು, ಕೊಂಡಿ ಸೇರಿದ ಬದಲಾವಣೆಯನ್ನು ನೀವೇ ರದ್ದುಪಡಿಸಿ. ಅಷ್ಟಕ್ಕೇ ಬಿಡದೆ ಆ ಖಾತೆಯ ಉಳಿದ 'ಕಾಣಿಕೆ'ಗಳನ್ನೂ, ಅಂದರೆ ಅದು ಮಾಡಿದ ಇತರ ಬದಲಾವಣೆಗಳನ್ನೂ ನೋಡಿ. ಅದೇ ಕೊಂಡಿ ಇನ್ನಷ್ಟು ಪುಟಗಳಲ್ಲಿ ಅಡಗಿರುವ ಸಾಧ್ಯತೆ ಹೆಚ್ಚು. ಕಂಡದ್ದನ್ನು ಸಮುದಾಯದ ಚರ್ಚೆಯ ತಾಣವಾದ 'ಅರಳಿಕಟ್ಟೆ'ಯಲ್ಲಿ ಬರೆದರೆ ನಿರ್ವಾಹಕರ ಗಮನಕ್ಕೆ ಬರುತ್ತದೆ. ಕೊನೆಗೆ, ಲೇಖನದ ಮೇಲಿರುವ ನಕ್ಷತ್ರವನ್ನು ಒತ್ತಿ ಅದನ್ನು ನಿಮ್ಮ ವೀಕ್ಷಣಾಪಟ್ಟಿಗೆ ಸೇರಿಸಿಕೊಳ್ಳಿ. ಕೆರೆಯ ಪುಟವನ್ನು ಇನ್ನು ಯಾರು ಮುಟ್ಟಿದರೂ ಆ ಪಟ್ಟಿಯಲ್ಲಿ ನಿಮಗೆ ಕಾಣುತ್ತದೆ.