ಅತ್ತವಳಿಗೆ 14, ನಕ್ಕವನಿಗೆ 26

ಪ್ರಶ್ನೆ: ನಾನು ಧಾರವಾಡದಲ್ಲಿ ಎಂ.ಎ. ಎರಡನೇ ವರ್ಷ ಓದುತ್ತಿದ್ದೇನೆ. ಅಣ್ಣ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಪಿಎಸ್‌ಐ ಪರೀಕ್ಷೆಗೆ ತಯಾರಿ ಮಾಡುತ್ತಿದ್ದಾನೆ. ನಮ್ಮೂರು ಗದಗ ಜಿಲ್ಲೆ. ಈ ಸಲದ ಮಳೆಗೆ ಉಳ್ಳಾಗಡ್ಡಿ ಹೊಲದಲ್ಲೇ ಕೊಳೆಯಿತು. ಸುದ್ದಿ ಕೇಳಿ ನಾನು ವಾರಗಟ್ಟಲೆ ಅತ್ತೆ. ಅಣ್ಣ "ಆತು ಬಿಡು" ಅಂದು ಲೈಬ್ರರಿಗೆ ಹೋದ. ಅದೇ ತಿಂಗಳು ಗೆಳತಿಯೊಬ್ಬಳು ತನ್ನ ಪ್ರಾಜೆಕ್ಟಿಗೆ ಅಂತ ನಮ್ಮಿಬ್ಬರಿಂದಲೂ ಜೀವನದ ತೃಪ್ತಿ ಅಳೆಯುವ ಫಾರ್ಮ್ ತುಂಬಿಸಿದಳು. 35ಕ್ಕೆ ನನಗೆ 14, ಅಣ್ಣನಿಗೆ 26. "ನೀವು ಹುಡುಗ್ಯಾರು ಅಳೋದ್ರಾಗ ಜೀವನ ಕಳೀತೀರಿ ನೋಡು" ಅಂತ ನಕ್ಕ. ಅವನಿಗೆ ರಾತ್ರಿ ಎರಡಾದರೂ ನಿದ್ದೆ ಬರಲ್ಲ, ಗ್ಯಾಸಿನ ಗುಳಿಗೆ ನುಂಗುತ್ತಾ ಇರುತ್ತಾನೆ, ಅದು ಬೇರೆ ಮಾತು. ಅವನ ಹಾಗೆ ನಾನೂ ಗಟ್ಟಿ ಆಗೋದು ಹೇಗೆ?

ಉತ್ತರ: ತಂಗೀ, ನೀನು "ಅದು ಬೇರೆ ಮಾತು" ಅಂತ ಬದಿಗೆ ಸರಿಸಿದೆಯಲ್ಲ, ನನಗೇನೋ ಅದೇ ದೊಡ್ಡ ಮಾತು ಅನಿಸಿತು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಈ 14ರ ಲೆಕ್ಕ ಮುಗಿಸೋಣ. ಆ ಫಾರ್ಮಿನಲ್ಲಿ ಐದೇ ವಾಕ್ಯ ಇದ್ದವು, ಅಲ್ವಾ? ಒಂದೊಂದಕ್ಕೆ 1ರಿಂದ 7ರವರೆಗೆ ಅಂಕ. ಮನೋವಿಜ್ಞಾನಿ ಎಡ್ ಡೀನರ್ ಮತ್ತು ಜೊತೆಗಾರರು 1985ರಲ್ಲಿ ಪ್ರಕಟಿಸಿದ ಅಳತೆಗೋಲು ಅದು. ಕಡಿಮೆ ಅಂದರೆ 5, ಜಾಸ್ತಿ ಅಂದರೆ 35. 14 ಅಂದರೆ ಅತೃಪ್ತಿ, ಸುಳ್ಳು ಹೇಳಲ್ಲ. ಆದರೆ ಉಳ್ಳಾಗಡ್ಡಿ ಕೊಳೆತ ತಿಂಗಳಲ್ಲಿ ರೈತನ ಮಗಳು 30 ಹಾಕಿದ್ದರೆ ನನಗೆ ಗಾಬರಿ ಆಗುತ್ತಿತ್ತು. ಇನ್ನು "ಹುಡುಗ್ಯಾರು" ಅನ್ನುವ ಮಾತು. ಇಂಥ ಅಳತೆಗಳಲ್ಲಿ ಗಂಡು ಹೆಣ್ಣಿನ ನಡುವೆ ಸಿಗುವ ಅಂತರ ಸಾಮಾನ್ಯವಾಗಿ ತೀರಾ ಸಣ್ಣದು. ನಿಮ್ಮಿಬ್ಬರ ನಡುವಿನ 12 ಅಂಕಕ್ಕೆ ಅದೊಂದೇ ಕಾರಣ ಆಗಲಾರದು.

ಅವನ 26 ನಿಜವೇ ಇರಬಹುದು. ಅವನ ಎದೆ ಬಗೆದು ನೋಡಿದವನು ನಾನಲ್ಲ. ಆದರೆ ಸ್ವಂತ ತಂಗಿಗೆ "ಆತು ಬಿಡು" ಅಂದವನು, ಆ ತಂಗಿಯ ಗೆಳತಿಯ ಫಾರ್ಮಿನಲ್ಲಿ ಮನಸ್ಸು ಬಿಚ್ಚುತ್ತಾನಾ?

2003ರಲ್ಲಿ ಜೇಮ್ಸ್ ಗ್ರಾಸ್ ಮತ್ತು ಆಲಿವರ್ ಜಾನ್ ಅನ್ನುವ ಇಬ್ಬರು ಮನೋವಿಜ್ಞಾನಿಗಳು ಕಾಲೇಜು ಹುಡುಗ ಹುಡುಗಿಯರಿಗೆ ಹತ್ತು ಪ್ರಶ್ನೆ ಕೊಟ್ಟರು. ನಾಲ್ಕು ಪ್ರಶ್ನೆ, ಬಂದ ಭಾವನೆಯನ್ನು ಹೊರಗೆ ತೋರಿಸದೆ ನುಂಗುವುದರ ಬಗ್ಗೆ. ಆರು, ಆದದ್ದನ್ನು ಬೇರೆ ಕಡೆಯಿಂದ ನೋಡಿ ಮನಸ್ಸು ತಿಳಿ ಮಾಡಿಕೊಳ್ಳುವುದರ ಬಗ್ಗೆ. ನುಂಗುವುದರಲ್ಲಿ ಹುಡುಗರು ಮುಂದಿದ್ದರು. ಬೇರೆ ಕಡೆಯಿಂದ ನೋಡುವುದರಲ್ಲಿ ಇಬ್ಬರೂ ಒಂದೇ. ಜಾಸ್ತಿ ನುಂಗುವವರಲ್ಲಿ ಬದುಕಿನ ತೃಪ್ತಿ ಕಡಿಮೆ ಇತ್ತು. ಇದು ಸರಾಸರಿ ಮಾತು, ನಿನ್ನ ಅಣ್ಣನ ಜಾತಕ ಅಲ್ಲ. ಆದರೂ ಕೇಳು. ಪ್ರಯೋಗಗಳಲ್ಲಿ ಮುಖ ಕಲ್ಲು ಮಾಡಿಕೊಂಡು ಕೂತವರ ಒಳಗಿನ ಸಂಕಟ ಕಮ್ಮಿ ಆಗಲಿಲ್ಲ, ಮೈಮೇಲಿನ ಒತ್ತಡ ಮಾತ್ರ ಏರಿತು. ಆ ಹೊತ್ತಲ್ಲಿ ಕೇಳಿದ್ದು ಕಂಡದ್ದು ನೆನಪಲ್ಲಿ ಉಳಿದದ್ದೂ ಕಡಿಮೆ. ಪಿಎಸ್‌ಐ ಪರೀಕ್ಷೆಗೆ ಓದುವವನಿಗೆ ಇದು ಹೇಳಿ ನೋಡು, ಕಿವಿ ನೆಟ್ಟಗಾಗಬಹುದು!

ಪಾಪ, ಅವನೊಬ್ಬನನ್ನೇ ಬೈಯುವಂತಿಲ್ಲ. "ನಗುವ ಹೆಂಗಸನ್ನು ನಂಬಬೇಡ, ಅಳುವ ಗಂಡಸನ್ನು ನಂಬಬೇಡ" ಅಂತ ಗಾದೆ ಕಟ್ಟಿದ ಜನ ನಾವು. ಒಂದೇ ಉಸಿರಿನಲ್ಲಿ ಇಬ್ಬರ ಬಾಯಿಗೂ ಬಟ್ಟೆ! ಮೊಣಕಾಲು ತರಚಿಕೊಂಡ ಐದು ವರ್ಷದ ಹುಡುಗನಿಗೆ "ಗಂಡ್ಸಾಗಿ ಅಳ್ತೀಯೇನೋ" ಅನ್ನದ ಮನೆ ನಮ್ಮ ಕಡೆ ಎಷ್ಟಿದೆ? ನಿಮ್ಮ ಅಪ್ಪನೂ ಫೋನಿನಲ್ಲಿ "ನೀವು ಓದ್ರಿ, ಇಲ್ಲಿಂದು ನಾ ನೋಡ್ಕೋತೀನಿ" ಅಂದೇ ಇಟ್ಟಿರಬೇಕು.

ಈಗ ನಿನ್ನ ಸರದಿ. ಅತ್ತದ್ದು ತಪ್ಪಲ್ಲ. ಆದರೆ ವಾರಗಟ್ಟಲೆ ಅಂದೆಯಲ್ಲ, ಅಲ್ಲಿ ಸ್ವಲ್ಪ ನಿಲ್ಲು. ಹಾಸ್ಟೆಲಿನಲ್ಲಿ ದೀಪ ಆರಿದ ಮೇಲೆ ಗೆಳತಿಯ ಮುಂದೆ ಅದೇ ಹೊಲ, ಅದೇ ಮಳೆ, ಅದೇ ಸಾಲ ಅಂತ ಮತ್ತೆ ಮತ್ತೆ ಮಾತಾಡಿದೆಯಾ? ದನ ಮೆಲುಕು ಹಾಕಿದರೆ ಮೇವು ಅರಗುತ್ತದೆ. ಈ ಮೆಲುಕಿನಲ್ಲಿ ಏನೂ ಅರಗುವುದಿಲ್ಲ. ಸೂಸನ್ ನೋಲೆನ್-ಹೋಕ್ಸೆಮಾ ಅನ್ನುವ ಮನೋವಿಜ್ಞಾನಿ ಈ ಚಟದ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದರು. ಇದು ಹೆಂಗಸರಲ್ಲಿ ಸ್ವಲ್ಪ ಜಾಸ್ತಿ, ಬೇಸರವನ್ನು ಇನ್ನೂ ಎಳೆಯುತ್ತದೆ ಅಂತ ತೋರಿಸಿದರು. ಇಬ್ಬರು ಕೂತು ಮೆಲುಕು ಹಾಕಿದರೆ ಸ್ನೇಹ ಗಟ್ಟಿಯಾಗುತ್ತದೆ, ಜೊತೆಗೆ ದುಗುಡವೂ.

ಇಲ್ಲೇ ಬೇಕಾಗುವುದು ಆಗ ಹೇಳಿದ ಆ ಬೇರೆ ಕಡೆಯಿಂದ ನೋಡುವುದು. ಹಾಗಂತ "ಆಗೋದೆಲ್ಲಾ ಒಳ್ಳೇದಕ್ಕೆ" ಅಂತ ಸುಮ್ನೆ ಹೇಳಿಕೋ ಅನ್ನಲ್ಲ. ಆ ಮಾತು ನನಗೂ ಆಗಿಬರಲ್ಲ. ಅಪ್ಪನಿಗೆ ಫೋನ್ ಮಾಡಿ ಲೆಕ್ಕ ಕೇಳು. ಬೆಳೆ ವಿಮೆ ತುಂಬಿದ್ದಾರಾ? ಸಾಲದ ಕಂತು ಯಾವಾಗ? ಹಿಂಗಾರಿಗೆ ಕಡ್ಲಿ ಬಿತ್ತುತ್ತಾರಾ? "ನಮ್ಮ ಬಾಳೇ ಮುಳುಗಿತು" ಅನ್ನುತ್ತಿದ್ದದ್ದು "ಈ ವರ್ಷ ಇಷ್ಟು ಸಾವಿರ ಕಡಿಮೆ ಬೀಳುತ್ತೆ" ಅಂತ ಆದರೆ, ಅದರ ಜೊತೆ ಗುದ್ದಾಡಬಹುದು.

ಅಣ್ಣನನ್ನು ಎದುರಿಗೆ ಕೂರಿಸಿಕೊಂಡು "ಯಾಕ ಅಳಂಗಿಲ್ಲ ನೀ" ಅಂತ ಕೇಳಬೇಡ, ಎದ್ದು ಹೋಗುತ್ತಾನೆ. ಸಂಜೆ ಕೆಲಗೇರಿ ಕೆರೆ ಕಡೆ ಕರೆದುಕೊಂಡು ಹೋಗು. ಪಕ್ಕಪಕ್ಕ ನಡೆಯುವಾಗ ಮುಖ ನೋಡುವ ತಾಪತ್ರಯ ಇರಲ್ಲ. "ಅಪ್ಪ ನಿನಗ ಏನಂದ?" ಅಂತ ಕೇಳು. "ಏನಿಲ್ಲ" ಅಂದರೆ ಬಿಟ್ಟುಬಿಡು, ಗಿರ್ಮಿಟ್ ತಿಂದು ವಾಪಸ್ ಬನ್ನಿ. ಮುಂದಿನ ವಾರ ಮತ್ತೆ ಹೋಗಿ.

ನಿದ್ದೆಗೇಡು ಹೀಗೇ ಮುಂದುವರಿದರೆ ಅಥವಾ ನಿನ್ನ ಅಳು ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸಿ. ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ ಡಿಮ್ಹಾನ್ಸ್ ನೀವಿರುವ ಧಾರವಾಡದಲ್ಲೇ ಇದೆ. ನಮ್ಮ ಕಡೆ ಜಗಳ ಬಂದರೆ "ಇವನ್ನ ಧಾರವಾಡಕ್ಕ ಕಳಸ್ರಿ" ಅಂತಾರೆ, ಗೊತ್ತಲ್ಲ. ನೀವಂತೂ ಆಗಲೇ ಅಲ್ಲಿದ್ದೀರಿ, ಬಸ್ ಚಾರ್ಜೂ ಉಳಿಯಿತು! ಹೋಗಲು ಮುಜುಗರ ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ಸಂಖ್ಯೆ 14416. ಹಗಲು ರಾತ್ರಿ ಸಿಗುತ್ತದೆ, ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು. ಅವನು ಎಚ್ಚರ ಇರುವ ರಾತ್ರಿ ಎರಡು ಗಂಟೆಗೂ.

ಅಂದಹಾಗೆ, ಆ ಗುಳಿಗೆ ಎಷ್ಟು ದಿನದಿಂದ ನುಂಗುತ್ತಿದ್ದಾನೆ ಅಂತ ನೀನು ಬರೆದಿಲ್ಲ. ಕೆರೆಗೆ ಹೋದಾಗ ಮೊದಲು ಅದನ್ನೇ ಕೇಳು.